ವಿಭೂತಿ ಬಳಿದ ಹೆಲ್ಮೆಟ್

ಆ ದಿನ ಕುದುರೆಯ ಜೀನಿನ ಪಟ್ಟಿ ಸಡಿಲವಾಗಿರಲಿಲ್ಲ, ಲೋಕಣ್ಣ. ಚೈತ್ರಳಿಗೆ ನಾನು ಕೊಟ್ಟ ಹೆಲ್ಮೆಟ್ ಮೊದಲೇ ಬಿರುಕು ಬಿಟ್ಟಿತ್ತು, ಅದು ನನಗೆ ಗೊತ್ತಿತ್ತು. ಇಷ್ಟು ವರ್ಷ ಜನ ನಿಮ್ಮನ್ನು ಅನುಮಾನದಿಂದ ನೋಡಿದರು — ನೋಡುವಂತೆ ಮಾಡಿದವನು ನಾನು.

ಕುಣಿಗಲ್ ಕೆರೆಯಾಚೆ ನಾನು ಕುದುರೆ ಸವಾರಿ ಕಲಿಸುತ್ತಿದ್ದ ಕಾಲ ಅದು. ಕುದುರೆಗಳನ್ನು ನೋಡಿಕೊಳ್ಳಲು ನೀವಿದ್ದಿರಿ. ಆಯುಧಪೂಜೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಒಬ್ಬನೇ ಹೊರಟ ನನ್ನನ್ನು ಕಂದು ಕುದುರೆ ಬೆದರಿ ಕಲ್ಲಿನ ಮೇಲೆ ಎತ್ತಿ ಹಾಕಿತು. ನನ್ನ ತಲೆ ಉಳಿಯಿತು, ಹೆಲ್ಮೆಟ್ಟಿನ ಹಿಂಭಾಗದಲ್ಲಿ ಕೂದಲೆಳೆಯಂಥ ಬಿರುಕು ಬಿತ್ತು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ನಂಬಬಾರದು ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವನೇ ನಾನು. ಎಸೆದರೆ ಯಾಕೆ ಎಂದು ಕೇಳುತ್ತಾರೆ, ಕಲಿಸುವವನೇ ಬಿದ್ದನಂತೆ ಎಂದು ನಗುತ್ತಾರೆ. ಅಷ್ಟು ಸಣ್ಣ ಮರ್ಯಾದೆಗೆ ಅದನ್ನು ಎಸೆಯದೆ ಇಟ್ಟುಕೊಂಡೆ.

ಪೂಜೆಯ ದಿನ ಜೀನು, ಲಗಾಮು, ಹೆಲ್ಮೆಟ್ಟುಗಳನ್ನೆಲ್ಲ ಸಾಲಾಗಿ ಇಟ್ಟು ನೀವು ವಿಭೂತಿ ಹಚ್ಚುತ್ತಾ ಬಂದಿರಿ. ಅದೊಂದನ್ನು ನಾನೇ ಎತ್ತಿಕೊಂಡು ಬಿರುಕಿನ ಮೇಲೆ ದಪ್ಪಗೆ ಮೂರು ಪಟ್ಟೆ ಬಳಿದೆ. ಪೂಜೆಯ ವಿಭೂತಿಯನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ, ಅದನ್ನು ನೆಚ್ಚಿಕೊಂಡೇ ಬಳಿದೆ. ನೀವು ಹಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಿರಿ. ಬಿರುಕು ಕಂಡಿತೇ? ಕಂಡೂ ಸುಮ್ಮನಿದ್ದಿರೇ? ಅಂದಿನಿಂದ ನಿಮ್ಮ ಮೌನವನ್ನೆಲ್ಲ ಅನುಮಾನಿಸಿದೆ.

ಹಬ್ಬ ಮುಗಿದ ಮೇಲೆ ಅಕ್ಕನ ಮಗಳು ಚೈತ್ರ ಸವಾರಿಗೆ ಬಂದಳು. ಉಳಿದ ಹೆಲ್ಮೆಟ್ಟುಗಳೆಲ್ಲ ಚಿಕ್ಕ ಮಕ್ಕಳವು, ಅವಳ ತಲೆಗೆ ಹಿಡಿಯುತ್ತಿರಲಿಲ್ಲ. ಇವತ್ತು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. "ಮಾವ, ವಿಭೂತಿ ಒರೆಸ್ಲಾ?" ಅಂದಳು.

"ಒರೆಸ್ಬೇಡ ಕಣೇ, ಪೂಜೆ ಆಗಿರೋದು. ಹಾಗೇ ಹಾಕ್ಕೋ."

ಅದೇ ಕುದುರೆ ಮತ್ತೆ ಬೆದರಿತು. ಅವಳು ತಲೆಯಡಿಯಾಗಿ ಬಿದ್ದಳು, ಹೆಲ್ಮೆಟ್ ಬಿರುಕಿದ್ದಲ್ಲೇ ಎರಡಾಯಿತು. ಓಡಿ ಬಂದವರೆಲ್ಲರ ಎದುರು ನಾನು ಒಂದೇ ಮಾತು ಕೇಳಿದೆ: "ಜೀನಿನ ಪಟ್ಟಿ ಬಿಗಿದಿದ್ರಾ, ಲೋಕಣ್ಣ?"

"ಬಿಗ್ದಿದ್ದೆ ಕಣಪ್ಪ" ಅಂದಿರಿ. ಯಾರೂ ನಂಬಲಿಲ್ಲ. ನಾಳೆ ನೀವು ಬಿರುಕಿನ ಮಾತೆತ್ತಿದರೂ ನಂಬಬಾರದು ಎಂದೇ ಕೇಳಿದ್ದೆ. ಆಮೇಲೆ ನಿಮ್ಮ ಕೈಗೆ ಯಾರೂ ಕುದುರೆ ಕೊಡಲಿಲ್ಲ, ನೀವು ಗುಬ್ಬಿಯ ಮಗಳ ಮನೆ ಸೇರಿದಿರಿ.

ಚೈತ್ರ ಬದುಕಿದಳು. ಆದರೆ ಮಾತಿನ ನಡುವೆ ಪದ ಸಿಗದೆ ನನ್ನ ಮುಖ ನೋಡುತ್ತಾ ನಿಂತುಬಿಡುತ್ತಾಳೆ. ಎಲ್ಲ ಮರೆತಿದ್ದಾಳೋ, ನೆನಪಿದ್ದೂ ಹೇಳುತ್ತಿಲ್ಲವೋ — ಆ ಹುಡುಗಿಯನ್ನೂ ಅನುಮಾನಿಸುತ್ತೇನೆ. ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಮೊನ್ನೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ನೀವೇ ಹತ್ತಿರ ಬಂದಿರಿ. ಈಗ ಬಿರುಕಿನ ಮಾತು ಎತ್ತುತ್ತೀರಿ ಎಂದುಕೊಂಡೆ. ನೀವು ಕೇಳಿದ್ದು ಬೇರೆ: "ಮಗೀಗೆ ತಲೆನೋವು ಇನ್ನೂ ಬತ್ತದಾ? ಪಟ್ಟಿನ ಇನ್ನೊಂದ್ ಸಲ ಎಳ್ದು ನೋಡ್ಬೇಕಿತ್ತು ಕಣಪ್ಪ ನಾನು."

ನಿಮಗೆ ಏನೂ ಗೊತ್ತಿರಲಿಲ್ಲ. ನಿಮ್ಮ ಕೈಯನ್ನು ನೀವೇ ನಂಬದ ಹಾಗೆ ಮಾಡಿಟ್ಟಿದ್ದೇನೆ.

ಆ ಹೆಲ್ಮೆಟ್ಟಿನ ಚೂರುಗಳು ತುಮಕೂರಿನ ಮನೆಯ ಅಟ್ಟದಲ್ಲಿವೆ. ನಾಳೆ ಅವನ್ನು ಅಕ್ಕನ ಎದುರು, ಚೈತ್ರಳ ಎದುರು ಇಟ್ಟು ಎಲ್ಲ ಹೇಳುತ್ತೇನೆ. ಅವರು ಏನೇ ಅಂದರೂ ಅಲ್ಲಿಂದ ನೇರ ನಿಮ್ಮ ಬಾಗಿಲಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳಲು ಬಾಯಿಲ್ಲ. ಅವಳು ಬಿದ್ದ ದಿನ ಕುದುರೆಯಿಂದ ಜೀನು ಇಳಿಸಿದವನು ನಾನು. ನೀವು ಬಿಗಿದಿದ್ದ ಪಟ್ಟಿ ಬಿಚ್ಚಲು ನನಗೆ ಎರಡೂ ಕೈ ಬೇಕಾಯಿತು, ಲೋಕಣ್ಣ.