ಕರೆದ, ನನಗೆ ಕೇಳಲಿಲ್ಲ

ಅವರ ಕುತ್ತಿಗೆಯ ಹಿಂಭಾಗದಲ್ಲಿ ಎರಡು ಮಡಿಕೆಗಳಿದ್ದವು. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಕೆಂಪು ಮಣ್ಣು ಬೆವರಿನಲ್ಲಿ ಬೆರೆತು ಆ ಮಡಿಕೆಗಳ ನಡುವೆ ಗೆರೆಯಾಗಿ ಕೂರುತ್ತಿತ್ತು. ಬಲಗಿವಿಯ ಹಿಂದೆ ಕಡಲೆಕಾಳಿನಷ್ಟು ಒಂದು ಗಂಟು. ಅವರ ಮುಖವನ್ನು ಹೀಗೆ ಹೇಳಲು ನನಗೆ ಬರುವುದಿಲ್ಲ. ಮೀಸೆ ಇತ್ತೇ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ನಾನು ಗೋಲ್‌ಕೀಪರ್, ಅವರು ನನ್ನ ಮುಂದೆ ನಿಂತು ದಾಳಿ ತಡೆಯುತ್ತಿದ್ದ ಸ್ಟಾಪರ್. ನನಗೆ ಸಿಕ್ಕಿದ್ದು ಬೆನ್ನು.

ತೊಂಬತ್ತರ ದಶಕದ ಕೊನೆ. ಅವರು ಕಾಪುವಿನವರು, ಬ್ಯಾರಿ ಮನೆತನ. ಮೊದಲು ಬೆಂಗಳೂರಿನ ಒಂದು ಕಾರ್ಖಾನೆಯ ತಂಡಕ್ಕೆ, ಆಮೇಲೆ ಗೋವಾದ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಸಂಬಳಕ್ಕೆ ಆಡುತ್ತಿದ್ದರು. ನಮ್ಮ ಕಡೆಯಿಂದ ಚೆಂಡು ಒದ್ದು ಹೊಟ್ಟೆ ಹೊರೆದವರು ನನಗೆ ಗೊತ್ತಿದ್ದಂತೆ ಅವರೊಬ್ಬರೇ. ಗೋವಾದಲ್ಲಿ ಆಟವಿಲ್ಲದ ತಿಂಗಳುಗಳಲ್ಲಿ ಊರಿಗೆ ಬಂದು ಅಣ್ಣನ ಹಣ್ಣಿನ ಅಂಗಡಿಯಲ್ಲಿ ಕೂರುತ್ತಿದ್ದರು. ಸಂಜೆ ಉದ್ಯಾವರಕ್ಕೆ ಬಂದು ನಮ್ಮ ಜೊತೆ ಅಭ್ಯಾಸ ಮಾಡುತ್ತಿದ್ದರು. ನಾವೆಲ್ಲ ಅವರನ್ನು ಭಾಯಿ ಎನ್ನುತ್ತಿದ್ದೆವು. ಗೋಲು ಕಾಯುವ ನನ್ನನ್ನು ಅವರು ಗೋಲಿ ಎನ್ನುತ್ತಿದ್ದರು.

ನಾನು ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗ. ನನ್ನ ತುಳು ಹರಕುಮುರುಕು. ತಂಡದ ಉಳಿದವರು ತುಳುವಿನಲ್ಲೇ ಬೈಯುತ್ತಿದ್ದರು. ಭಾಯಿ ಮಾತ್ರ ನನಗಾಗಿ ಕನ್ನಡಕ್ಕೆ ಹೊರಳುತ್ತಿದ್ದರು, ಶಾಲೆಯ ಪುಸ್ತಕ ಓದಿದ ಹಾಗೆ.

"ನಾನು ಹಿಂದೆ ತಿರುಗಿ ನೋಡುವುದಿಲ್ಲ ಗೋಲಿ. ನೋಡಿದರೆ ಎದುರಿನ ಫಾರ್ವರ್ಡ್ ದಾಟಿ ಹೋಗಿ ಆಯ್ತು. ಹಿಂದೆ ಎಂತ ಉಂಟು ಅಂತ ನೀನು ಹೇಳ್ಬೇಕು. ಚೆಂಡು ನಿನ್ನದಾದರೆ ಕೂಗು. ಇಡೀ ಉಡುಪಿಗೆ ಕೇಳಬೇಕು."

ನಾನು "ಬಿಡಿ!" ಎಂದು ಕೂಗುತ್ತಿದ್ದೆ.

"ಎಂತ ಮಾರಾಯ, ಹೆಣ್ಣು ನೋಡ್ಲಿಕ್ಕೆ ಬಂದವನ ಹಾಗೆ! ಇನ್ನೊಮ್ಮೆ."

ಅವರದೊಂದು ಮಾತಿತ್ತು: "ಪೇಪರಿನಲ್ಲಿ ನನ್ನ ಹೆಸರು ಬಂದಿದ್ರೆ ಓದ್ಬೇಡ. ನಾವು ಗೋಲು ತಿಂದಿದ್ದೇವೆ ಅಂತ ಅರ್ಥ." ಇದನ್ನು ಅವರು ಹೇಳಿದ್ದು ಒಂದೇ ಸಲವೋ, ದಿನವೂ ಹೇಳುತ್ತಿದ್ದರೋ ಗೊತ್ತಿಲ್ಲ. ನೆನಪು ಒಂದು ಸಲದ್ದನ್ನು ದಿನದ್ದಾಗಿ ಮಾಡುತ್ತದೆ. ಆದ್ದರಿಂದ ಕಾರ್ಕಳದ ಆಟದ ಬಗ್ಗೆ ಜಾಗ್ರತೆಯಿಂದ ಬರೆಯುತ್ತೇನೆ.

ಆ ವರ್ಷ ಕ್ಲಬ್ಬಿನವರು ಅವರಿಗೆ ಮತ್ತೆ ಮೂರು ವರ್ಷದ ಕರಾರು ಕೊಟ್ಟಿದ್ದರು. ಆ ಕಾಗದವನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ನಮಗೆಲ್ಲ ತೋರಿಸಿದ್ದರು. ಹತ್ತು ದಿನದಲ್ಲಿ ಹೊರಡಬೇಕು. ಅದುವರೆಗೆ ಊರಿನಲ್ಲಿ ಪಂದ್ಯ ಆಡಬಾರದು ಎಂಬ ಶರತ್ತೂ ಅದರಲ್ಲಿತ್ತು. ಆದರೆ ಕಾರ್ಕಳದಲ್ಲಿ ನಮಗೊಂದು ಪಂದ್ಯವಿತ್ತು. ಡಿಫೆನ್ಸಿಗೆ ಜನವಿರಲಿಲ್ಲ. ಕೇಳಲು ಅವರ ಮನೆಗೆ ಹೋದವರಲ್ಲಿ ನಾನೂ ಇದ್ದೆ.

"ಬೇಡ ಮಗಾ," ಎಂದು ಅವರ ಉಮ್ಮ ಒಳಗಿನಿಂದ ಹೇಳಿದರು.

"ಅರ್ಧ ಆಟ ಮಾತ್ರ ಉಮ್ಮ," ಎಂದರು ಭಾಯಿ.

ಅರ್ಧ ಮುಗಿದ ಮೇಲೂ ಅವರು ಹೊರಗೆ ಹೋಗಲಿಲ್ಲ.

ಮಳೆ ಸುರಿಯುತ್ತಿತ್ತು ಎಂದು ಬರೆದಿದ್ದೆ, ಹೊಡೆದುಹಾಕಿದೆ. ಮಳೆ ಇರಲಿಲ್ಲ. ನೆಲ ಒದ್ದೆಯಾಗಿತ್ತು, ಅಷ್ಟೇ. ಎದುರಿನವರು ಉದ್ದಕ್ಕೆ ಒದ್ದ ಚೆಂಡು ಭಾಯಿಯ ತಲೆಯ ಮೇಲಿಂದ ನನ್ನ ಕಡೆಗೆ ಬಂತು. ನಾನು ಗೋಲು ಬಿಟ್ಟು ಮುಂದೆ ಓಡಿದೆ. ಅದು ನನ್ನ ಚೆಂಡು. ಅವರು ಹಿಂದಕ್ಕೆ ಹೆಜ್ಜೆ ಹಾಕುತ್ತ, ಬೆನ್ನು ನನಗೆ ಕೊಟ್ಟು, ಎಡಗಾಲು ಊರಿದರು. ನಾನು ಕೂಗಲಿಲ್ಲ.

ಯಾಕೆ ಕೂಗಲಿಲ್ಲ ಎಂಬುದಕ್ಕೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕಾರಣಗಳಿದ್ದವು. ಈಗ ಒಂದೂ ಇಲ್ಲ.

ನನ್ನ ಮೈಯ ಅಷ್ಟೂ ಭಾರ ಅವರ ಎಡ ಮೊಣಕಾಲಿನ ಮೇಲೆ ಬಿತ್ತು. ಬಿದಿರು ಸೀಳಿದ ಹಾಗೆ ಶಬ್ದ ಬಂತು ಎಂದು ಹಲವರಿಗೆ ಹೇಳಿದ್ದೇನೆ. ಶಬ್ದವೇ ಬರಲಿಲ್ಲ. ಚೆಂಡು ನಿಧಾನವಾಗಿ ಉರುಳಿ ಹೊರಗೆ ಹೋಯಿತು.

ಕ್ಯಾಪ್ಟನ್ ಓಡಿ ಬಂದ. "ಕರೆಯಲಿಲ್ವಾ ನೀನು? ಬಾಯಲ್ಲಿ ಎಂತ ಇಟ್ಕೊಂಡಿದ್ದಿ? ಘಟ್ಟದ ಮೇಲಿನವನನ್ನು ಗೋಲಿಗೆ ಹಾಕ್ಬೇಡಿ ಅಂತ ನಾನು ಮೊದಲೇ ಹೇಳಿದ್ದೆ!" ಅವನ ಹಿಂದೆ ಇನ್ನೂ ನಾಲ್ಕೈದು ಜನ. ಒಬ್ಬ ನನ್ನ ಅಂಗಿ ಹಿಡಿದಿದ್ದ.

ಭಾಯಿ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದರು. ಕಣ್ಣು ಮುಚ್ಚಿತ್ತು.

"ಕರೆದ," ಎಂದರು. "ನನಗೆ ಕೇಳಲಿಲ್ಲ."

ಅಂಗಿ ಹಿಡಿದವನು ಬಿಟ್ಟ.

ಯಾರದೋ ಓಮ್ನಿಯಲ್ಲಿ ಮಣಿಪಾಲಕ್ಕೆ ಹೋದೆವು. ಅವರ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟಿದ್ದರು. ದಾರಿಯುದ್ದಕ್ಕೂ ಅವರು ಹೇಳಿದ್ದು ಒಂದೇ ಮಾತು: "ಉಮ್ಮನಿಗೆ ಈಗಲೇ ಹೇಳ್ಬೇಡಿ." ಶಸ್ತ್ರಚಿಕಿತ್ಸೆ ಆಯಿತು. ನಡೆಯಬಹುದು, ಆಡಲಾಗುವುದಿಲ್ಲ ಎಂದರು ಡಾಕ್ಟರು. ತಿಂಗಳು ಕಳೆದ ಮೇಲೆ ಗೋವಾದಿಂದ ಎರಡು ಸಾಲಿನ ಪತ್ರ ಬಂತು. ಅದನ್ನೂ ಅವರು ಅದೇ ಲಕೋಟೆಯಲ್ಲಿಟ್ಟರು. ಇದನ್ನು ನಾನು ಕಂಡಿಲ್ಲ, ಯಾರೋ ಹೇಳಿದ್ದು.

ಕೇಳಲಿಲ್ಲ ಎಂದ ಆ ಒಂದು ಮಾತು ಅವರನ್ನು ಬಿಡಲಿಲ್ಲ. ಕಾಪುವಿನಲ್ಲಿ ಅವರಿಗೆ "ಕೆಪ್ಪ ಸ್ಟಾಪರ್" ಎಂದು ಹೆಸರಾಯಿತು. ಗೋವಾದಲ್ಲಿ ಇಷ್ಟು ವರ್ಷ ಆಡಿಯೂ ಗೋಲಿಯ ಕೂಗು ಕೇಳದವರು. ಅಂಗಡಿಗೆ ಬಂದವರು ಬೇಕೆಂದೇ ಕಿವಿಯ ಹತ್ತಿರ ಬಾಗಿ, "ನೇಂದ್ರ ಬಾಳೆ ಹೇಗೆ ಕೆಜಿಗೇ?" ಎಂದು ಕಿರುಚುತ್ತಿದ್ದರು. ಭಾಯಿ ಕಿವಿಗೆ ಕೈ ಇಟ್ಟು, "ಎಂತ? ಹೆಂಡತಿ ಹೇಗಿದ್ದಾಳೆ ಅಂತವಾ?" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ಒಮ್ಮೆ ಆ ಗುಂಪಿನಲ್ಲಿ ನಿಂತು ನಕ್ಕಿದ್ದೇನೆ. ನಾನು ತಂಡದಲ್ಲಿ ಉಳಿದೆ. ಇನ್ನೂ ನಾಲ್ಕು ವರ್ಷ ಗೋಲು ನಿಂತೆ. ಹಾಗೆ ಆಡುತ್ತಿದ್ದುದರಿಂದಲೇ ಅಂಬಲಪಾಡಿಯಲ್ಲಿ ಒಂದು ಕೆಲಸವೂ ಸಿಕ್ಕಿತು.

ಕೆಲಸ ಸಿಕ್ಕ ಮೇಲೆ ಒಂದು ಮಧ್ಯಾಹ್ನ ಕಾಪುವಿನಲ್ಲಿ ಬಸ್ಸಿಳಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಎಡಗಾಲನ್ನು ಒಂದು ಖಾಲಿ ಪೆಟ್ಟಿಗೆಯ ಮೇಲೆ ನೀಡಿಕೊಂಡು ಕಿತ್ತಳೆ ಒರೆಸುತ್ತಿದ್ದರು.

"ಭಾಯಿ, ಅವತ್ತು ಕಾರ್ಕಳದಲ್ಲಿ ನಾನು ಕರೆಯಲಿಲ್ಲ."

ಅವರು ಕಿವಿಗೆ ಕೈ ಇಟ್ಟರು. "ಎಂತ?"

"ನಾನು ಕರೆಯಲಿಲ್ಲ ಭಾಯಿ. ನಿಮಗೆ ಗೊತ್ತುಂಟು."

"ಕೇಳುವುದಿಲ್ಲ ಮಾರಾಯ." ಅವರು ನಗುತ್ತಿರಲಿಲ್ಲ. ಒಂದು ಚಿಪ್ಪು ಬಾಳೆಹಣ್ಣನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಅಮ್ಮನಿಗೆ ಕೊಡು. ಬಸ್ಸು ಬಂತು, ಹೋಗು."

ನನಗೆ ಏನನ್ನಿಸಿತು ಎಂದು ಬರೆಯಬೇಕಾದ ಜಾಗ ಇದು. ಏನೂ ಅನ್ನಿಸಲಿಲ್ಲ. ಉದ್ಯಾವರ ಬರುವಷ್ಟರಲ್ಲಿ ಎರಡು ಹಣ್ಣು ತಿಂದಿದ್ದೆ.

ಮತ್ತೆ ಮೂರು ವರ್ಷಕ್ಕೆ ಅವರು ತೀರಿಕೊಂಡರು. ಹೃದಯಾಘಾತ. ಅಂಗಡಿಯ ಬಾಗಿಲು ತೆರೆಯುವಾಗ ಕುಸಿದರಂತೆ. ಮಸೀದಿಯ ಅಂಗಳದಲ್ಲಿ ನಾನು ಎಲ್ಲರಿಗಿಂತ ಹಿಂದೆ ನಿಂತಿದ್ದೆ. ದೇಹ ಹೊತ್ತವರೂ ಹೊರಲು ಕಾದವರೂ ಮುಂದೆ, ನನಗೆ ಸಿಕ್ಕಿದ್ದು ಅವರ ಬೆನ್ನುಗಳು.

ಪಕ್ಕದಲ್ಲಿದ್ದ ಮುದುಕರೊಬ್ಬರು ನನ್ನ ಗುರುತು ಹಿಡಿದು, ಜೊತೆಯವರಿಗೆ ಮೆಲ್ಲಗೆ ಹೇಳಿದರು: "ಇವರೇ ಆ ಗೋಲಿ. ಕರೆದಿದ್ರಂತೆ. ಪಾಪ, ಅವನಿಗೆ ಕೇಳಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಅಲ್ವಾ?"

ಅಷ್ಟು ವರ್ಷ ಆ ಮಾತನ್ನು ಭಾಯಿ ಹೇಳಿದ್ದರು, ಊರು ಹೇಳಿತ್ತು. ನಾನು ನನ್ನ ಬಾಯಿಂದ ಹೇಳಿರಲಿಲ್ಲ.

"ಹೌದು, ಕರೆದಿದ್ದೆ," ಎಂದೆ. ಮುಂದಿದ್ದವರು ತಿರುಗಿ ನೋಡುವಷ್ಟು ಜೋರಾಗಿ.