ಎಷ್ಟು ದಿನ ಇರಬೇಕು?

ನನ್ನ ಗಂಡನಿಗೆ ಪೇಟೆಯವರು ಇಟ್ಟಿರುವ ಅಡ್ಡಹೆಸರು ಮೇಷ್ಟ್ರು. ಪಾಠ ಮಾಡಿ ಬಂದ ಹೆಸರಲ್ಲ, ಪ್ರಶ್ನೆ ಕೇಳಿ ಕೇಳಿ ಬಂದದ್ದು. ನಮ್ಮದು ಪೋಸ್ಟರ್ ಮುದ್ರಿಸುವ ಅಂಗಡಿ. ಅವರು ಪ್ರಿಂಟರ್ ನೋಡಿಕೊಳ್ಳುತ್ತಾರೆ, ನನ್ನದು ಲ್ಯಾಮಿನೇಷನ್ ಮತ್ತು ಕತ್ತರಿ ಕೆಲಸ. ಗಿರಾಕಿ ಒಳಗೆ ಕಾಲಿಡುವಷ್ಟರಲ್ಲಿ ಇವರ ವಿಚಾರಣೆ ಶುರು.

"ಎಲ್ಲಿ ಅಂಟಿಸ್ತೀರಿ? ಎಷ್ಟು ದೂರದಿಂದ ಓದ್ಬೇಕು? ಎಷ್ಟು ದಿನ ಇರ್ಬೇಕು?"

ಎರಡು ದಿನದ ಸಭೆಗೆ, ಒಳಗಿನ ಗೋಡೆಗೆ ತೆಳು ಕಾಗದ ಸಾಕು. ಬೀದಿಗೆ ಹೋಗುವುದಕ್ಕೆ ದಪ್ಪ ಆರ್ಟ್ ಪೇಪರ್, ಅದರ ಮೇಲೆ ಲ್ಯಾಮಿನೇಷನ್ನಿನ ಪ್ಲಾಸ್ಟಿಕ್ ಫಿಲ್ಮ್. ದೀಪದ ಕೆಳಗೆ ಅಂಟಿಸುವುದಾದರೆ ಹೊಳಪಿಲ್ಲದ ಮ್ಯಾಟ್ ಫಿಲ್ಮೇ ಆಗಬೇಕು, ಹೊಳಪಿನದ್ದಾದರೆ ಬೆಳಕು ಮಿಂಚಿ ಅಕ್ಷರ ಕಾಣದು. ಫಿಲ್ಮನ್ನು ಕಾಗದದ ಅಂಚಿಗೇ ಕತ್ತರಿಸಬಾರದು, ಸುತ್ತ ಒಂದು ಬೆರಳು ಬಿಡಬೇಕು, ಇಲ್ಲದಿದ್ದರೆ ನೀರು ಒಳಗೆ ನುಗ್ಗುತ್ತದೆ. ಹದಿನೆಂಟು ವರ್ಷದಿಂದ ಇದನ್ನೇ ಕೇಳಿ ನನ್ನ ಕಿವಿ ತೂತಾಗಿದೆ. "ಗೊತ್ತು ಕಣ್ರೀ, ನನ್ನ ಕೈಲೂ ಬೆರಳಿದೆ" ಎಂದು ಎಷ್ಟೋ ಸಲ ರೇಗಿದ್ದೇನೆ.

ಇಂಥ ಮನುಷ್ಯನ ತಾಯಿ ಒಂದು ಸೋಮವಾರ ಬೆಳಿಗ್ಗೆ ಮನೆಯಿಂದ ಹೊರಗೆ ಹೋದವರು ತಿರುಗಿ ಬರಲಿಲ್ಲ.

ಅತ್ತೆಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. ಮೊದಲು ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ಮರೆವು ಬಂದ ಮೇಲೆ ಅವರು ಜಗಳವನ್ನೂ ಮರೆತರು, ನೆನಪಿಟ್ಟುಕೊಂಡು ಒದ್ದಾಡುವವಳು ನಾನೊಬ್ಬಳೇ ಆದೆ. ಆ ದಿನ ಬಟ್ಟೆ ಒಣಹಾಕಲು ಮಹಡಿಗೆ ಹೋಗುವಾಗ ಬಾಗಿಲ ಚಿಲಕ ಹಾಕಿರಲಿಲ್ಲ. ಹಾಕದವಳು ನಾನೇ. ಇಳಿದು ಬಂದರೆ ಬಾಗಿಲು ತೆರೆದಿತ್ತು, ಅತ್ತೆಯ ಚಪ್ಪಲಿ ಹೊಸ್ತಿಲ ಪಕ್ಕದಲ್ಲೇ ಇತ್ತು. ಬರಿಗಾಲಲ್ಲೇ ಹೋಗಿದ್ದರು.

ಪೊಲೀಸರಿಗೆ ಹೇಳಿ, ಬೀದಿ ಬೀದಿ ಹುಡುಕಿ, ಮಧ್ಯಾಹ್ನ ಅಂಗಡಿಗೆ ಬಂದೆವು. ಇವರು ತಾಯಿಯ ಫೋಟೋ, ಕೆಳಗೆ ನಮ್ಮ ಫೋನ್ ನಂಬರು ಜೋಡಿಸಿ, ಪ್ರಿಂಟರಿಗೆ ತೆಳು ಕಾಗದ ಹಾಕಿದರು. ಅಳತೆಯೂ ನೋಟ್‌ಬುಕ್ ಹಾಳೆಯಷ್ಟೇ. ನಾನು ಲ್ಯಾಮಿನೇಷನ್ ಮೆಷಿನ್ ಸ್ವಿಚ್ ಹಾಕಿದೆ, ಅದು ಕಾಯಲು ಹತ್ತು ನಿಮಿಷ ಬೇಕು.

"ಅದನ್ನ ಆರಿಸು," ಎಂದರು.

"ಬೀದಿಗೆ ಹೋಗೋದು ಕಣ್ರೀ. ಮೋಡ ನೋಡಿದ್ರಾ?"

"ಅಮ್ಮ ಸಂಜೆಗೆ ಸಿಗ್ತಾಳೆ. ಸಂಜೆವರೆಗೆ ಇದ್ರೆ ಸಾಕು."

ಊರವರಿಗೆಲ್ಲ ಹಾಕುವ ಮೂರನೇ ಪ್ರಶ್ನೆಯನ್ನು ತಮಗೇ ಕೇಳಿಕೊಳ್ಳಲು ಅವರು ಹೆದರಿದ್ದರು. ಲ್ಯಾಮಿನೇಷನ್ ಹಾಕಿದರೆ, ಅಮ್ಮ ಇನ್ನು ತಿಂಗಳುಗಟ್ಟಲೆ ಸಿಗುವುದಿಲ್ಲ ಎಂದು ನಾವೇ ಒಪ್ಪಿಕೊಂಡಂತೆ. ಚಿಲಕ ಹಾಕದವಳಿಗೆ ವಾದಿಸಲು ಬಾಯಿ ಎಲ್ಲಿಂದ ಬರಬೇಕು? ಸ್ವಿಚ್ ಆರಿಸಿದೆ.

ಬಸ್ ನಿಲ್ದಾಣ, ಆಸ್ಪತ್ರೆಯ ಗೇಟು, ಸೇತುವೆ, ಎಲ್ಲ ಕಡೆ ಅಂಟಿಸಿದೆವು. ಸಂಜೆಗೆ ಸಿಗಲಿಲ್ಲ. ರಾತ್ರಿಯಿಡೀ ಮಳೆ ಹುಯ್ಯಿತು.

ಬೆಳಿಗ್ಗೆ ನಿಲ್ದಾಣಕ್ಕೆ ಓಡಿದೆವು. ಗೋಡೆಯ ಮುಂದೆ ನಿಂತ ನಮ್ಮನ್ನು ಕಂಡು ಟೀ ಅಂಗಡಿಯವನು ಹತ್ತಿರ ಬಂದ.

"ನಿನ್ನೆ ಫೋಟೋದಲ್ಲಿದ್ದ ಆ ಅಜ್ಜಿ ನಿಮ್ಮೋರಾ ಸಾರ್? ಈಗೊಂದು ಗಂಟೆ ಮುಂಚೆ ಇಲ್ಲೇ ನಿಂತಿದ್ರು. ಅಂಗೈಲಿ ಈ ಫೋಟೋ ಒರೆಸ್ತಾ 'ಪಾಪ, ಯಾರೋ ಮಳೇಲಿ ನೆನೀತಾ ಇದ್ದಾಳೆ' ಅಂತಿದ್ರು. ಫೋನ್ ಮಾಡೋಣ ಅಂತ ನೋಡಿದ್ರೆ ನಂಬರು ಅಳಿಸಿಹೋಗಿದೆ. ಕೂತ್ಕೊಳ್ಳಿ ಅಂತ ಹೇಳಿ ಒಳಗೆ ಹೋಗಿ ಬರೋದ್ರೊಳಗೆ ಹೊರಟುಹೋಗಿದ್ರು."

ಗೋಡೆಯ ಮೇಲೆ ಮುಖವಿರಲಿಲ್ಲ, ನೀಲಿ ಕಲೆಯಿತ್ತು. ನಂಬರಿನ ಕೊನೆಯ ನಾಲ್ಕು ಅಂಕೆಗಳು ಒಂದಕ್ಕೊಂದು ಬೆರೆತು ಇಳಿದಿದ್ದವು. ಇವರು ಅಲ್ಲೇ ಕುಸಿದು ಕೂತರು.

"ಕೈಗೆ ಸಿಕ್ಕಿದ್ದೋಳನ್ನ ನಾನೇ ಕಳಕೊಂಡೆ ಕಣೇ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ಚಿಲಕ ಹಾಕದೋಳು ನಾನು. ಯಾರ ತಪ್ಪು ಅನ್ನೋದು ಆಮೇಲೆ ನೋಡೋಣ, ಏಳಿ," ಎಂದು ರಟ್ಟೆ ಹಿಡಿದು ಎಬ್ಬಿಸಿದೆ.

ಸುತ್ತಲಿನ ಬೀದಿಗಳಲ್ಲೆಲ್ಲ ಹುಡುಕಿ, ಕಾಣದೆ ಅಂಗಡಿಗೆ ಬಂದೆವು. ಈ ಸಲ ಪ್ರಶ್ನೆ ಕೇಳಿದವಳು ನಾನು.

"ಎಲ್ಲಿ ಅಂಟಿಸ್ತೀರಿ?"

"ಎಲ್ಲ ಬಸ್ ನಿಲ್ದಾಣದಲ್ಲೂ. ದೀಪದ ಕೆಳಗೆ."

"ಎಷ್ಟು ದೂರದಿಂದ ಓದ್ಬೇಕು?"

"ಬಸ್ಸೊಳಗೆ ಕೂತೋರಿಗೂ ಕಾಣ್ಬೇಕು."

"ಎಷ್ಟು ದಿನ ಇರ್ಬೇಕು?"

ಇವರು ತೆಳು ಕಾಗದದ ಕಟ್ಟನ್ನು ಮೇಜಿನ ಕೆಳಗೆ ತಳ್ಳಿದರು. ನಾನೇ ದಪ್ಪ ಕಾಗದ ತೆಗೆದುಕೊಟ್ಟೆ. ಅಳತೆ ಮೊದಲಿನದರ ನಾಲ್ಕರಷ್ಟು, ಅಂಕೆಗಳು ಒಂದೊಂದೂ ಅಂಗೈಯುದ್ದ. ಮ್ಯಾಟ್ ಫಿಲ್ಮ್ ಹಾಕಿ ಸುತ್ತ ಒಂದು ಬೆರಳು ಬಿಟ್ಟು ಕತ್ತರಿಸಿದೆ, ಅವಸರಕ್ಕೆ ಎರಡು ಹಾಳೆ ಕೆಟ್ಟವು. ಬಿಸಿ ರೋಲರಿನಿಂದ ಅತ್ತೆಯ ಮುಖ ಮತ್ತೆ ಮತ್ತೆ ಹೊರಗೆ ಬರುತ್ತಿತ್ತು. ಸತ್ತವರ ಫೋಟೋಗಳನ್ನೂ ಇದೇ ಮೆಷಿನ್ನಿಗೆ ಕೊಡುತ್ತೇನಲ್ಲ ಎಂಬ ಯೋಚನೆ ಬಂತು. ಇವರಿಗೆ ಹೇಳಲಿಲ್ಲ.

ಮಳೆ ಮತ್ತೆರಡು ದಿನ ಬಿಡಲಿಲ್ಲ. ಬುಧವಾರ ಯಾರೋ ಫೋನ್ ಮಾಡಿ, ಕಾಲುವೆಯಲ್ಲಿ ಒಬ್ಬ ಮುದುಕಿಯ ಹೆಣ ಸಿಕ್ಕಿದೆ, ಬಂದು ನೋಡಿ ಎಂದರು. ಹೋದೆವು. ಹೊದಿಕೆ ಸರಿಸುವಾಗ ಇವರು ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಬಳೆ ಒಳಗೆ ಒತ್ತಿತು. ಅದು ಬೇರೆ ಯಾರದೋ ತಾಯಿ. ನಮ್ಮವರಲ್ಲ ಎಂದು ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು.

ಗುರುವಾರ ಮಧ್ಯಾಹ್ನ, ಬಸ್ಸಿನ ಕೊನೆಯ ನಿಲ್ದಾಣದಿಂದ ಕಸ ಗುಡಿಸುವಾಕೆಯ ಫೋನು. "ನಿಮ್ಮ ಪೋಸ್ಟರ್ ಕೆಳಗೇ ಕೂತಿದ್ದಾರೆ. ಹಿಡ್ಕೊಂಡಿದ್ದೀನಿ, ಬೇಗ ಬನ್ನಿ."

ಅತ್ತೆಯ ಕಾಲು ಊದಿಕೊಂಡಿತ್ತು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಮಗನನ್ನು ಗುರುತಿಸಲಿಲ್ಲ. ನನ್ನ ಕೈ ಹಿಡಿದು ಗೋಡೆ ತೋರಿಸಿದರು.

"ಇವಳು ಕಳೆದುಹೋಗಿದ್ದಾಳಂತೆ ಕಣಮ್ಮ. ಮನೆಯೋರು ಎಷ್ಟು ಹೆದರಿರ್ತಾರೋ ಏನೋ."

ಜ್ವರ ಇಳಿಯಲು ವಾರ ಹಿಡಿಯಿತು. ಮನೆಯ ಬಾಗಿಲಿಗೆ ಹೊಸ ಬೀಗ ಬಂತು, ಅದರ ಕೀಲಿ ನನ್ನ ಕುತ್ತಿಗೆಗೆ. ಆಮೇಲೆ ಇಬ್ಬರೂ ಹೋಗಿ ಪೋಸ್ಟರುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬಂದೆವು. ಒಂದರೊಳಗೂ ನೀರು ನುಗ್ಗಿರಲಿಲ್ಲ.

"ಹರಿದು ಬಿಸಾಕೋಣ, ಕಣ್ಣೆದುರು ಬೇಡ," ಎಂದೆ.

ಇವರು ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ಒದ್ದೆ ಬಟ್ಟೆಯಿಂದ ಒಂದೊಂದನ್ನೂ ಒರೆಸಿ, ಪ್ರಿಂಟರಿನ ಹಿಂದಿನ ಕಪಾಟಿನಲ್ಲಿ ಇಟ್ಟರು.

"ಇರ್ಲಿ," ಎಂದರು.

"ಎಷ್ಟು ದಿನ?" ಎಂದು ಕೇಳಿಬಿಟ್ಟೆ.

ಇವರು ಕಪಾಟಿನ ಬಾಗಿಲನ್ನು ಪೂರ್ತಿ ಮುಚ್ಚದೆ, ಬೇಕೆಂದಾಗ ಕೈಗೆ ಸಿಗುವ ಹಾಗೆ ಓರೆ ಮಾಡಿದರು.