ಒಂದೇ ಫೋನಿನ ಇಬ್ಬರು ವಿಮರ್ಶಕರು

ಮೂವತ್ತೊಂದು ವರ್ಷ ಟಾಕೀಸಿನ ಮೇಲಿನ ಗೂಡಿನಂಥ ಕೋಣೆಯಲ್ಲಿ ನಿಂತು ಸಿನಿಮಾ ಓಡಿಸಿದವನಿಗೆ ಕತೆಗಳೆಲ್ಲ ಬಾಯಿಪಾಠ ಇರಬೇಕು ಎಂದು ಯಾರಾದರೂ ಅಂದುಕೊಂಡರೆ ಅದು ಶುದ್ಧ ಸುಳ್ಳು. ಆಪರೇಟರನಿಗೆ ಗೊತ್ತಿದ್ದದ್ದು ಬೆಳಕು, ಸದ್ದು, ರೀಲು ಬದಲಿಸುವ ಗಳಿಗೆ. ನಾಯಕಿ ಯಾಕೆ ಅತ್ತಳು ಎಂಬುದನ್ನು ಮನೆಗೆ ಬಂದ ಮೇಲೆ ಹೆಂಡತಿಯೇ ಹೇಳಬೇಕಿತ್ತು. ಅವಳು ಅದೇ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವವಳು. ಕೆಲಸ ಮುಗಿಸಿ ಕೊನೆಯ ಸಾಲಿನಲ್ಲಿ ಕೂತು ಒಂದೇ ಸಿನಿಮಾವನ್ನು ಹತ್ತು ಸಲ ನೋಡಿ, ಹತ್ತು ಸಲವೂ ಮನಸಾರೆ ಅಳುತ್ತಿದ್ದಳು.

ಟಾಕೀಸು ಮುಚ್ಚಿದ ಮೇಲೆ ಇಬ್ಬರೂ ಮನೆಯಲ್ಲಿ ಮುಖ ಮುಖ ನೋಡಿಕೊಂಡು ಕೂರುವಂತಾಯಿತು. ಆಗ ಭಾಮೈದ ಬಂದು, ಪ್ರೇಕ್ಷಕರೇ ಸಿನಿಮಾ ವಿಮರ್ಶೆ ಬರೆಯುವ ಒಂದು ತಾಣದಲ್ಲಿ ಇಬ್ಬರಿಗೂ ಒಂದೊಂದು ಖಾತೆ ಮಾಡಿಕೊಟ್ಟ. ಮನೆಯಲ್ಲಿದ್ದದ್ದು ಒಂದೇ ಫೋನು. ಅವನು ಬರೆದು ಅವಳ ಕೈಗೆ ಕೊಡುತ್ತಿದ್ದ. ಅವಳು ಅದನ್ನು ಓದಿ, ಹಣೆ ಚಚ್ಚಿಕೊಂಡು, ತನ್ನದನ್ನು ಬರೆಯುತ್ತಿದ್ದಳು. ಅವನು ಎರಡು ನಕ್ಷತ್ರ ಕೊಟ್ಟರೆ ಅವಳದು ನಾಲ್ಕು. ಚಿತ್ರ ತೀರಾ ಕತ್ತಲಾಗಿದೆ ಎಂದು ಅವನು ಬರೆದರೆ, ಮಗಳನ್ನು ಕಳಿಸಿಕೊಟ್ಟ ಮನೆಯಲ್ಲಿ ದೀಪ ಹಚ್ಚುವ ಮನಸ್ಸು ಯಾರಿಗಿರುತ್ತೆ ಎಂದು ಅವಳು. ಆರು ವರ್ಷದಲ್ಲಿ ಅವಳವೇ ಇನ್ನೂರ ಹನ್ನೆರಡು ವಿಮರ್ಶೆಗಳಾದವು.

ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಅಂದಿನಿಂದ ದಿನಾ ಮಧ್ಯಾಹ್ನ ಆಪರೇಟರ್ ಅವಳ ಒಂದೊಂದು ವಿಮರ್ಶೆಯನ್ನು ಅವಳಿಗೇ ಓದಿ ಹೇಳುತ್ತಿದ್ದ. ಅವಳು ಎಡಗೈಯಿಂದ ಹಾಸಿಗೆ ತಟ್ಟಿ ಹೌದೆನ್ನುತ್ತಿದ್ದಳು. ಆ ಮನೆಯಲ್ಲಿ ಅವಳ ಮಾತು ಅಂತ ಉಳಿದಿದ್ದದ್ದು ಅಷ್ಟೇ.

ಒಂದು ದಿನ ನೋಡಿದರೆ ಅವಳ ಖಾತೆಯೇ ಮಾಯ. ಒಂದೇ ಫೋನಿನಿಂದ ಎರಡು ಹೆಸರು, ಆದ್ದರಿಂದ ಇದು ನಕಲಿ ಎಂದು ಒಂದು ಸಾಲಿನ ಷರಾ. ಅವನ ಖಾತೆಯನ್ನು ಯಾರೂ ಮುಟ್ಟಿರಲಿಲ್ಲ. ಇಬ್ಬರಲ್ಲಿ ನಕಲಿ ಅವಳೇ ಎಂದು ತಾಣದವರು ಹೇಗೆ ತೀರ್ಮಾನಿಸಿದರೋ ದೇವರೇ ಬಲ್ಲ. ಅದೇ ತಾಣದಲ್ಲಿ ಯಾವನೋ ಒಬ್ಬ ನಟಿಯರ ಹೆತ್ತ ತಾಯಂದಿರನ್ನೂ ಬಿಡದೆ ಬೈದು, ಅದೇ ಮೂರು ಸಾಲನ್ನು ನಲವತ್ತು ಸಿನಿಮಾಗಳ ಕೆಳಗೆ ಅಂಟಿಸಿದ್ದ. ಆಪರೇಟರ್ ದೂರು ಕೊಟ್ಟ. ಅದು ನಿಯಮ ಮೀರಿಲ್ಲವಂತೆ.

ಭಾಮೈದ ಮನವಿ ಕಳಿಸಿದ. ತಪ್ಪಾಯಿತು ಎಂಬ ಉತ್ತರ ಬಂತು, ಖಾತೆಯೂ ಮರಳಿತು. ಆಪರೇಟರನಿಗೆ ಹೋದ ಜೀವ ಬಂದಂತಾಯಿತು. ಆಗಲೇ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಹುದಿತ್ತು, ಪಾಪ, ಹೊಳೆಯಲಿಲ್ಲ. ಮೂರನೆಯ ದಿನ ತಾಣದಲ್ಲಿ ಬೇರೆ ಯಾರ ಕಣ್ಣಿಗೆ ಬಿತ್ತೋ, ಖಾತೆ ಮತ್ತೆ ಹೋಯಿತು. ಈ ಸಲ ಖಾತೆದಾರರು ತಮ್ಮದೇ ಮಾತಿನಲ್ಲಿ ಬರೆದು ತಾವು ಬೇರೆ ವ್ಯಕ್ತಿ ಎಂದು ತೋರಿಸಬೇಕಂತೆ.

"ಅಕ್ಕನ ಬದಲು ನಾನು ಬರೀತೀನಿ ಭಾವ."

"ಬೇಡ. ಅವಳು ಹೇಗೆ ಬರೀತಾಳೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಎರಡು ದಿನ ತಿಣುಕಿ, ಹೆಂಡತಿಯಂತೆಯೇ ಬರೆದೆನೆಂದುಕೊಂಡು ಕಳಿಸಿದ. ಬರೆದದ್ದರ ತುಂಬ ಬೆಳಕು ಮತ್ತು ಸದ್ದು. ಎರಡೂ ಖಾತೆಯ ಬರವಣಿಗೆ ಒಬ್ಬರದೇ ಎಂಬುದು ಈಗ ಖಚಿತವಾಗಿದೆ, ಇದು ಅಂತಿಮ ಎಂದು ಉತ್ತರ ಬಂತು. ಕೈಯಾರೆ ಹೆಂಡತಿಯನ್ನು ಅಳಿಸಿಹಾಕಿದೆನಲ್ಲ ಎಂದುಕೊಂಡ.

ಖಾತೆ ಇಲ್ಲದ ದಿನಗಳಲ್ಲೆಲ್ಲ ಫೋನು ಕೆಟ್ಟಿದೆ ಎಂದು ಅವಳಿಗೆ ನೆಪ ಹೇಳಿದ್ದ. ಮರುದಿನ ಮಧ್ಯಾಹ್ನ ಅವಳು ಮತ್ತೆ ಫೋನಿನ ಕಡೆ ಕೈ ತೋರಿಸಿದಳು. ಈಗಲೂ ನಿಜ ಮುಚ್ಚಿಟ್ಟು ಅವನು ಫೋನು ಹಿಡಿದುಕೊಂಡು, ನೆನಪಿದ್ದಷ್ಟನ್ನು ಜೋಡಿಸಿ ಓದಿದಂತೆ ಮಾಡಿದ. ಅವಳು ಹಾಸಿಗೆ ತಟ್ಟಲಿಲ್ಲ, ಅಲ್ಲವೆಂದು ತಲೆಯಾಡಿಸಿದಳು. ಒಂದು ವಾಕ್ಯ ಬದಲಿಸಿ ಮತ್ತೆ ಹೇಳಿದ. ಅದೂ ಅಲ್ಲ.

"ಮತ್ತೇನೇ ಬರೆದಿದ್ದೆ? ನೀನೇ ಹೇಳು" ಅಂದುಬಿಟ್ಟ.

ಅವಳ ತುಟಿ ಅಲುಗಾಡತೊಡಗಿತು. ಆಪರೇಟರ್ ಫೋನು ಕೆಳಗಿಟ್ಟು, ಅವಳ ಬಾಯಿಯ ಹತ್ತಿರ ಕಿವಿ ತಂದು, ಕಾಯುತ್ತ ಕೂತ.